ಗುಡುಗಿನ ಗಂಟಲು

ಫೆಬ್ರವರಿ 4, ಮಂಗಳವಾರ

ಇವತ್ತಿನ ಹೊಸ ರೋಗಿಯ ವಿಷಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಮಗಳು ತಟ್ಟೆ ಬಿಟ್ಟು ಏಳುತ್ತಾಳೆ. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ.

ಬೆಳಿಗ್ಗೆ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಐದಾರು ಜನರ ಬೂಟಿನ ಸದ್ದು ಒಟ್ಟಿಗೆ ಕೇಳಿತು. ನನ್ನ ಹತ್ತಿರ ಬರುವವರು ತೊದಲುವ ಮಕ್ಕಳು, ಲಕ್ವ ಹೊಡೆದು ಮಾತು ನಿಂತವರು, ಪಾಠ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡ ಮೇಷ್ಟ್ರುಗಳು. ಅವರು ಯಾರೂ ಹೀಗೆ ಮೆಟ್ಟಿಲು ಹತ್ತುವುದಿಲ್ಲ. ಇಬ್ಬರು ಬಾಗಿಲಲ್ಲಿ ನಿಂತರು. ಒಬ್ಬ ನನ್ನನ್ನು ಕೇಳದೆಯೇ ಕಿಟಕಿ ಮುಚ್ಚಿದ. ಆಮೇಲೆ ಒಳಗೆ ಬಂದವರು ಗುಡುಗು.

ಊರೆಲ್ಲ ಅವರನ್ನು ಕರೆಯುವುದು ಹಾಗೇ, ಪೋಸ್ಟರಿನಲ್ಲಿ ಬರೆದಿರುವುದೂ ಹಾಗೇ. ಈ ಸಲ ಚುನಾವಣೆಗೆ ನಿಂತಿದ್ದಾರೆ. ಅವರ ಭಾಷಣ ಒಂದೇ: ಎರಡು ತಲೆಮಾರಿನ ಹಿಂದೆ ಬಂದು ಹೊಳೆಯ ಆಚೆ ದಂಡೆಯಲ್ಲಿ ನೆಲೆಸಿದ ಜನರನ್ನು ಊರು ಬಿಡಿಸಬೇಕು. ಅಂಥ ಗುಡುಗಿಗೆ ಇವತ್ತು ದನಿಯೇ ಇರಲಿಲ್ಲ. ಬಾಯಿ ತೆರೆದರೆ ಒಣ ಎಲೆ ಎಳೆದಂಥ ಸದ್ದು. ಧ್ವನಿತಂತುಗಳ ಮೇಲೆ ಗಂಟು ಎಂದು ಗಂಟಲಿನ ಡಾಕ್ಟರು ಬರೆದು ಕಳಿಸಿದ್ದರು. ಎರಡು ವಾರ ಪೂರ್ತಿ ಮೌನ, ಆಮೇಲೆ ನನ್ನ ಹತ್ತಿರ ಅಭ್ಯಾಸ. ಅದಕ್ಕೂ ಬಗ್ಗದಿದ್ದರೆ ಆಪರೇಷನ್ನು. ಆಪರೇಷನ್ನಾದರೆ ಚುನಾವಣೆ ಮುಗಿದ ಮೇಲೇ ಮಾತು.

ಅವರ ಹಿಂದೆ ಸದಾ ಒಬ್ಬ ಇರುತ್ತಾನೆ. ಮನಸ್ಸಿನಲ್ಲೇ ಅವನಿಗೆ ನೆರಳು ಎಂದು ಹೆಸರಿಟ್ಟೆ. "ಇವರ ದನಿ ನಿಮ್ಮ ಕೈಲಿದೆ ಮೇಡಂ. ದನಿ ಬರ್ಲಿಲ್ಲ ಅಂದ್ರೆ ಜನ ಸುಮ್ನಿರಲ್ಲ" ಎಂದ. ನಗುತ್ತಲೇ ಅಂದ.

ಅವರು ಹೋದ ಮೇಲೆ ಪಕ್ಕದ ಕೋಣೆಯಿಂದ ಕಿವಿಯಣ್ಣ ಬಂದರು. ನನ್ನದು ಮಾತು, ಅವರದು ಕಿವಿ. ಮಗಳು ಅಕ್ಷರ ಕಲಿಯುತ್ತಿದ್ದ ಕಾಲದಿಂದ ಒಂದೇ ಕ್ಲಿನಿಕ್ಕನ್ನು ಹಂಚಿಕೊಂಡಿದ್ದೇವೆ. ಅವರ ಮನೆ ಹೊಳೆಯ ಆಚೆ.

"ಅಣ್ಣ, ನನ್ ಕೈಲಿ ಆಗಲ್ಲ ಅಂತ ಹೇಳಿಬಿಡ್ಲಾ?"

"ಯಾಕ್ ತಾಯಿ? ನನ್ನ ಹತ್ರ ಮೆಷಿನ್ ಹಾಕಿಸ್ಕೊಂಡೋರು ಎಷ್ಟು ಜನ ಅವರ ಭಾಷಣ ಕೇಳೋಕೆ ಹೋಗ್ತಾರೆ ಗೊತ್ತಾ? ನಾನೇನು ಕಿವಿಯಿಂದ ಕಿತ್ಕೊಂಡ್ನಾ? ರೋಗಿ ಅಂದ್ರೆ ರೋಗಿ." ಬಾಗಿಲವರೆಗೆ ಹೋಗಿ ತಿರುಗಿ, "ಅವರು ಬರೋ ದಿನ ಮಾತ್ರ ಮುಂಚೇನೇ ಹೇಳಿ. ಬಾಗಿಲು ಹಾಕ್ಕೊಂಡಿರ್ತೀನಿ" ಎಂದರು.

ಒಪ್ಪಿಕೊಂಡಿದ್ದೇನೆ.

ಫೆಬ್ರವರಿ 12, ಬುಧವಾರ

ಗುಡುಗು ಸ್ಲೇಟು ಇಟ್ಟುಕೊಂಡು ಬರುತ್ತಾರೆ. ಮಾತಾಡುವಂತಿಲ್ಲವಲ್ಲ. ಇವತ್ತು ಬರೆದು ತೋರಿಸಿದರು: "ಮದುವೆಯಾದ ಮೇಲೆ ನನ್ನ ಹೆಂಡತಿ ಇಷ್ಟು ಖುಷಿಯಾಗಿ ಇದ್ದದ್ದು ಇದೇ ಮೊದಲು. ಮೌನವನ್ನು ಖಾಯಂ ಮಾಡಿಸಬಹುದೇ ಎಂದು ಕೇಳಿದ್ದಾಳೆ." ನಕ್ಕುಬಿಟ್ಟೆ. ಹೊರಡುವಾಗ, ತವರಿನಲ್ಲಿರುವ ನನ್ನ ಅಮ್ಮನ ಮಂಡಿನೋವು ಹೇಗಿದೆ ಎಂದು ಬರೆದು ಕೇಳಿದರು. ಅಮ್ಮನ ಮಂಡಿಯ ವಿಷಯ ಅವರಿಗೆ ಯಾರು ಹೇಳಿದರೋ.

ಮನೆಯಲ್ಲಿ ಹೇಳಿದೆ. ಮಗಳು ಏಳಲಿಲ್ಲ, ಆದರೆ ಅಪ್ಪನ ಮೇಲೆ ತಿರುಗಿದಳು. ಇವರು ವಕೀಲರು. ಬೀದಿನಾಟಕದವರ ಬಾಯಿ ಕಟ್ಟಲು ಸರ್ಕಾರ ಹೊರಟಾಗ ಆ ಹುಡುಗರ ಪರವಾಗಿ ಕೋರ್ಟು ಹತ್ತಿ ಗೆದ್ದವರು.

"ಅಂಥೋರ ಬಾಯಿಗೆ ಬೀಗ ಹಾಕಬೇಕು ಅಪ್ಪ."

"ಹಾಕು. ಬೀಗದ ಕೈ ಯಾರ ಹತ್ರ ಇರುತ್ತೆ? ಇವತ್ತು ಗುಡುಗಿಗೆ ಹಾಕಿದ ಬೀಗಾನೇ ನಾಳೆ ನಾಟಕದೋರಿಗೆ ಹಾಕ್ತಾರೆ. ಮಾತಿಗೆ ಮಾತೇ ಉತ್ತರ."

"ಅವರ ಮಾತಿಗೆ ಸಾವಿರ ಮೈಕು. ಆಚೆ ದಂಡೆಯವರ ಉತ್ತರಕ್ಕೆ ಒಂದಾದ್ರೂ ಇದೆಯಾ?"

ಇಬ್ಬರದೂ ಸರಿ ಅನ್ನಿಸಿತು. ಕಿಟಕಿ ತೆರೆದಿತ್ತು. ಎದ್ದು ಮುಚ್ಚಿ ಬಂದೆ.

ಫೆಬ್ರವರಿ 26, ಬುಧವಾರ

ಗಂಟು ಕರಗುತ್ತಿದೆ. ವಾರದಿಂದ ಬಾಯಿ ಮುಚ್ಚಿ ಗುಂಯ್‌ಗುಡಿಸುವ ಅಭ್ಯಾಸ ಮಾಡಿಸುತ್ತಿದ್ದೆ. ದನಿ ತೊಳೆದಿಟ್ಟ ಪಾತ್ರೆಯಂತೆ ಬರುತ್ತಿದೆ. ಇನ್ನು ವಾಕ್ಯ ಹೇಳಿಸಬೇಕು, ಯಾವುದಾದರೂ ಕಥೆಪುಸ್ತಕ ತನ್ನಿ ಎಂದಿದ್ದೆ. ಅವರು ಭಾಷಣವನ್ನೇ ತಂದರು.

"ಮನೆ ತೊಲೆ ಒಳಗಿಂದೊಳಗೇ ತಿನ್ನೋದು ಯಾರು? ಗೆದ್ದಲು. ಹೊಳೆ ದಾಟಿ ಬಂದ ಗೆದ್ದಲು."

ನನ್ನ ಕೆಲಸ ಗಂಟಲು ನೋಡುವುದು. ಗಂಟಲನ್ನೇ ನೋಡಿದೆ. ಆ ಪದ ಬಂದಾಗಲೆಲ್ಲ ಅವರು ಅದರ ಮೇಲೆ ಬೀಳುತ್ತಿದ್ದರು, ತಂತುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಗಂಟಾಗಿದ್ದು ಅಲ್ಲೇ.

"ಪದದ ಮೇಲೆ ಹಾರಬೇಡಿ. ಅದಕ್ಕೆ ಮುಂಚೆ ನಿಲ್ಲಿ. ಉಸಿರು ಒಳಗೆ ಬರ್ಲಿ, ಪದ ತಾನಾಗೇ ತೇಲಿ ಬರುತ್ತೆ" ಎಂದೆ.

ನಿಂತರು. ಉಸಿರೆಳೆದರು. ಹೇಳಿದರು. ನೋಯಲಿಲ್ಲ. ಅವರ ಕಣ್ಣು ಅರಳಿತು. ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಬಹಳ ಹೊತ್ತು ನಿಂತರು.

"ಉಸಿರಿಗೆ ಅಷ್ಟು ಹೊತ್ತು ಬೇಕಿಲ್ಲ."

"ಉಸಿರಿಗಲ್ಲ ಮೇಡಂ" ಎಂದು ನಕ್ಕರು.

ಪಕ್ಕದ ಕೋಣೆಯಲ್ಲಿ ಕಿವಿಯಣ್ಣ ಒಂದು ಮಗುವಿನ ಪರೀಕ್ಷೆ ಮಾಡುತ್ತಿದ್ದರು. ಅದಕ್ಕೆ ಸದ್ದಿರಬಾರದು. ಎಲ್ಲರೂ ಹೋದ ಮೇಲೆ ಬಾಗಿಲು ತೆರೆದು, "ಉಚ್ಚಾರ ಚೆನ್ನಾಗಿ ಬರ್ತಾ ಇದೆ ತಾಯಿ" ಅಂದರು. ಮತ್ತೆ ಬಾಗಿಲು ಹಾಕಿಕೊಂಡರು.

ಮಾರ್ಚ್ 2, ಭಾನುವಾರ

ಮೈದಾನದ ಭಾಷಣ ನಮ್ಮ ಮನೆಗೆ ಕೇಳಿಸುತ್ತದೆ. ಕಂಬಕಂಬಕ್ಕೂ ಸ್ಪೀಕರು. ಮೂವರೂ ಕೂತಲ್ಲೇ ಕೂತಿದ್ದೆವು.

"ಮನೆ ತೊಲೆ ಒಳಗಿಂದೊಳಗೇ ತಿನ್ನೋದು ಯಾರು?"

ನಿಂತರು. ಎಷ್ಟು ಹೊತ್ತು ನಿಂತರೆಂದರೆ ನಮ್ಮ ಬೀದಿಯ ನಾಯಿ ಬೊಗಳಿದ್ದು ಕೇಳಿಸಿತು. ಆಮೇಲೆ ಸಾವಿರಾರು ಗಂಟಲುಗಳು ಒಟ್ಟಿಗೆ ಆ ಪದ ಕೂಗಿದವು. ಕಿಟಕಿಯ ಗಾಜು ಅದುರಿತು.

"ನೀವು ಹೇಳಿದ್ದಪ್ಪ. ನಾನೆಲ್ಲಿ ಹೇಳಿದೆ?" ಎಂದರು ಗುಡುಗು. ಮೈದಾನವೆಲ್ಲ ನಗು.

ಇವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾನೂನಿನ ಪ್ರಕಾರ ಅವನು ಏನೂ ಹೇಳಿಲ್ಲ" ಎಂದರು. ಮಗಳು ಎದ್ದು ಹೋದಳು.

ಕೊನೆಯವರೆಗೂ ದನಿ ಒಡೆಯಲಿಲ್ಲ. ಹಾಗೆ ಗಮನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಆದರೂ ಗಮನಿಸಿದೆ.

ಮಾರ್ಚ್ 4, ಮಂಗಳವಾರ

ಇಡೀ ದಿನ ಗಂಟಲು ಒಣಗುತ್ತದೆ. ರಸ್ತೆ ಅಗೆದ ಧೂಳಿರಬೇಕು.

ಕಿವಿಯಣ್ಣನ ಹತ್ತಿರ ಇವತ್ತು ಒಬ್ಬರೂ ಬರಲಿಲ್ಲ. ಮೆಷಿನ್ನುಗಳನ್ನು ಒರೆಸುತ್ತಾ ಕೂತಿದ್ದರು.

ಮಾರ್ಚ್ 7, ಶುಕ್ರವಾರ

ಕಿವಿಯಣ್ಣನ ಬೋರ್ಡಿನ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ ಗೆದ್ದಲಿನ ಚಿತ್ರ ಬರೆದಿದ್ದರು. ಕಾಲುಗಳನ್ನೆಲ್ಲ ಶ್ರದ್ಧೆಯಿಂದ ಬರೆದಿದ್ದರು. ಕೆಳಗಿನ ಮೆಡಿಕಲ್ ಶಾಪಿನವರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ದಿನ ಬೋರ್ಡು ತೆಗೆದಿಡಿ ಮೇಡಂ. ಅವರ ಒಳ್ಳೇದಕ್ಕೇ ಹೇಳ್ತಿದೀನಿ. ಬೆಂಕಿಗಿಂಕಿ ಬಿದ್ರೆ ನಾವೂ ಇಲ್ಲೇ ಇರೋರಲ್ವಾ" ಎಂದರು.

ಸರಿಯಾದ ಮಾತು. ಅಣ್ಣನಿಗೆ ಹೇಳಲು ಸಂಕೋಚವಾಗಿ, ಅವರು ಬರುವ ಮೊದಲೇ ನಾನೇ ಸ್ಟೂಲು ಹಾಕಿಕೊಂಡು ತಿರುಪು ಬಿಚ್ಚಿದೆ. ಕೊನೆಯ ತಿರುಪು ಬಿಚ್ಚುವಾಗ ಅವರು ಮೆಟ್ಟಿಲು ಹತ್ತಿ ಬಂದರು. "ನಿಮ್ಮ ಒಳ್ಳೇದಕ್ಕೇ ಅಣ್ಣ. ಎಲ್ಲ ತಣ್ಣಗಾಗೋವರೆಗೆ" ಎಂದೆ. ತಲೆ ಆಡಿಸಿದರು. ಸ್ಟೂಲು ಅಲುಗದ ಹಾಗೆ ಹಿಡಿದುಕೊಂಡರು.

ಮನಸ್ಸು ಹಗುರಾಯಿತು. ಏನೋ ಒಂದು ಉಪಕಾರ ಮಾಡಿದ ಹಾಗೆ.

ಮಾರ್ಚ್ 10, ಸೋಮವಾರ

ಬಸ್ಸಿನಲ್ಲಿ ಆಚೆಯವರು ತುಂಬಾ ಜನ ಇದ್ದರು. ಮೊದಲೂ ಇಷ್ಟೇ ಇರುತ್ತಿದ್ದರೇನೋ, ನಾನು ನೋಡುತ್ತಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದೆ.

ಮಗಳಿಗೆ ಆಚೆ ದಂಡೆಯ ಗೆಳತಿಯನ್ನು ಸ್ವಲ್ಪ ದಿನ ಮನೆಗೆ ಕರೆತರಬೇಡ ಎಂದೆ. "ಯಾಕೆ?" ಎಂದಳು. ಆ ಹುಡುಗಿಯ ಒಳ್ಳೆಯದಕ್ಕೇ ಎಂದೆ. "ಅಮ್ಮ, ನೀನು ಪಿಸುಗುಡ್ತಾ ಇದೀಯ. ಮನೇಲಿ ನಾವಿಬ್ರೇ ಇರೋದು" ಎಂದಳು. ಇಲ್ಲವಲ್ಲ, ಮಾಮೂಲಿಯಾಗಿಯೇ ಮಾತಾಡುತ್ತಿದ್ದೆ.

ಮಾರ್ಚ್ 13, ಗುರುವಾರ

ನಿನ್ನೆ ಎರಡನೆಯ ಭಾಷಣ. "ತೊಲೆಗೆ ಗೆದ್ದಲು ಹಿಡಿದ್ರೆ ಏನು ಮಾಡ್ತೀರಿ?" ಎಂದು ಕೇಳಿ ನಿಂತರು. ಜನ "ಸುಡ್ತೀವಿ" ಎಂದರು. ಅವರು ಏನೂ ಹೇಳಲಿಲ್ಲ.

ಇವತ್ತು ಮಧ್ಯಾಹ್ನ ಸೇತುವೆಯ ಪಕ್ಕದ ಅಂಗಡಿಸಾಲು ಸುಟ್ಟರು. ಅದರಲ್ಲಿ ಕಿವಿಯಣ್ಣನ ತಮ್ಮನ ಕುರ್ಚಿ-ಮೇಜಿನ ಅಂಗಡಿಯೂ ಇತ್ತು. ಸಾಮಾನು ಎಳೆಯಲು ಹೋಗಿ ತಮ್ಮನ ಎರಡೂ ಕೈ ಸುಟ್ಟಿವೆಯಂತೆ. ಅಣ್ಣ ಫೋನು ಬಂದ ತಕ್ಷಣ ಓಡಿದರು. ಅವರ ಟೀ ಲೋಟ ಮೇಜಿನ ಮೇಲೇ ಇತ್ತು. ತೊಳೆದಿಟ್ಟೆ. ಕಿಟಕಿಯಿಂದ ಹೊಗೆ ಕಾಣುತ್ತಿತ್ತು. ಬಾಗಿಲು ಹಾಕಿಕೊಂಡು ಕೂತೆ.

ನಾನು ಕಲಿಸಿದ್ದು ಉಸಿರು ತೆಗೆದುಕೊಳ್ಳುವುದು. ಅಷ್ಟೇ.

ಮಾರ್ಚ್ 15, ಶನಿವಾರ

ಅಂಗಡಿ ಕಳೆದುಕೊಂಡವರು ಗುಡುಗಿನ ಮೇಲೆ ಚುನಾವಣಾ ಕಚೇರಿಗೆ ದೂರು ಕೊಟ್ಟಿದ್ದಾರೆ. ವಿಚಾರಣೆ ನಡೆಯುತ್ತದಂತೆ. ನೆರಳು ಇವತ್ತು ಒಬ್ಬನೇ ಬಂದ. ಟೈಪು ಮಾಡಿಸಿದ ಒಂದು ಹಾಳೆ ಮುಂದಿಟ್ಟ. ಭಾಷಣದ ನಡುವೆ ನಿಲ್ಲುವುದು ಗಂಟಲಿನ ಚಿಕಿತ್ಸೆಯ ಭಾಗ, ನಾನೇ ಸೂಚಿಸಿದ್ದು ಎಂದು ಅದರಲ್ಲಿತ್ತು. ಕೆಳಗೆ ಸಹಿಗೆ ಜಾಗ.

"ಇದರಲ್ಲಿ ಸುಳ್ಳೇನಾದ್ರೂ ಇದೆಯಾ ಮೇಡಂ?"

ಇಲ್ಲ ಎಂದೆ.

"ಮತ್ತೆ ಯೋಚನೆ ಏನು?" ಗಡಿಯಾರ ನೋಡಿಕೊಂಡ. "ಮಗಳಿಗೆ ಇಷ್ಟೊತ್ತಿಗೆ ಕಾಲೇಜು ಬಿಟ್ಟಿರುತ್ತಲ್ವಾ? ಒಬ್ಳೇ ನಡ್ಕೊಂಡು ಬರ್ತಾಳೆ ಪಾಪ."

ಸಹಿ ಹಾಕಿದೆ. ಅವನು ಮೆಟ್ಟಿಲು ಇಳಿದ ಮೇಲೆ ಮಗಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಕಾಲೇಜಿನ ದಾರಿಯುದ್ದಕ್ಕೂ ಓಡುತ್ತಾ ಹೋದೆ. ಪುಸ್ತಕದಂಗಡಿಯ ಮುಂದೆ ನಿಂತು ಪೆನ್ನು ಆರಿಸುತ್ತಿದ್ದಳು.

ಸುಳ್ಳಿಲ್ಲ ಅದರಲ್ಲಿ.

ಮಾರ್ಚ್ 16, ಭಾನುವಾರ

ಸುಳ್ಳಿಲ್ಲ.

ಮಾರ್ಚ್ 19, ಬುಧವಾರ

ಕಾಗದ ಸಾಲದಂತೆ. ವಿಚಾರಣಾಧಿಕಾರಿ ನಾಳೆ ನನ್ನನ್ನೇ ಕರೆದಿದ್ದಾರೆ. ಊಟದ ಹೊತ್ತಿಗೆ ಇವರನ್ನು ಕೇಳಿದೆ, ಏನು ಹೇಳಲಿ ಎಂದು. ಗುಡುಗು "ಉಸಿರಿಗಲ್ಲ" ಎಂದದ್ದನ್ನೂ ಹೇಳಿದೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಇವರು ತಟ್ಟೆ ಪಕ್ಕಕ್ಕೆ ಸರಿಸಿದರು. "ಕಾಗದದಲ್ಲಿ ಇರೋದನ್ನ ಹೇಳಿ ಬಾ. ಕೇಳದೇ ಇದ್ದದ್ದಕ್ಕೆ ಒಂದು ಪದಾನೂ ಹೆಚ್ಚಿಗೆ ಬೇಡ."

"ಅಪ್ಪ," ಎಂದಳು ಮಗಳು, "ಗುಡುಗು ಮಾತಾಡ್ಬಹುದು, ಅಮ್ಮ ಮಾತಾಡ್ಬಾರದಾ?"

"ಹೆಣ ಬೀಳ್ತವೆ ಕಣೇ" ಎಂದರು ಇವರು. ಇವರ ದನಿ ಹಾಗೆ ನಡುಗಿದ್ದನ್ನು ನಾನು ಕೇಳಿರಲಿಲ್ಲ. ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದರು. ಆಗಷ್ಟೇ ಒಂದು ಸಲ ನೋಡಿದ್ದರು.

ಮಾರ್ಚ್ 20, ಗುರುವಾರ

ಚಿಕ್ಕ ಕೋಣೆ. ಕೀಚುಗುಟ್ಟುವ ಫ್ಯಾನು. ವಿಚಾರಣಾಧಿಕಾರಿ ನನ್ನ ವಯಸ್ಸಿನ ಹೆಂಗಸು, ನೆಗಡಿಯಿಂದ ಮೂಗು ಕಟ್ಟಿತ್ತು. ಎದುರಿಗೆ ಗುಡುಗು, ಅವರ ಹಿಂದೆ ನೆರಳು. "ಚೆನ್ನಾಗಿದೀರಾ ಮೇಡಂ?" ಎಂದರು ಗುಡುಗು. ನಾನು ಕಲಿಸಿದ ದನಿಯಲ್ಲಿ.

ಅಧಿಕಾರಿ ಕಾಗದ ತೋರಿಸಿದರು. ನಿಮ್ಮ ಸಹಿಯೇ? ಹೌದು. ನೀವೇ ನಿಲ್ಲಲು ಹೇಳಿದ್ದಾ? ಹೌದು. "ಹಾಗಾದ್ರೆ ಆಯ್ತು" ಎಂದು ಬರೆದುಕೊಂಡರು. ಏಳಬಹುದಿತ್ತು. ಕಾಲು ಹೊರಡಲು ತಯಾರಾಗಿತ್ತು.

"ಒಂದ್ಸಲ ವಿಡಿಯೋ ನೋಡಿ ಖಚಿತ ಮಾಡಿಬಿಡಿ" ಎಂದು ಅವರು ಕಂಪ್ಯೂಟರು ತಿರುಗಿಸಿದರು. ಗುಡುಗಿನ ಮುಖ ಪರದೆ ತುಂಬ ಹತ್ತಿರದಿಂದ. ಪ್ರಶ್ನೆ ಕೇಳಿದರು. ನಿಂತರು. ತುಟಿ ಮುಚ್ಚಿದೆ. ಮೂಗಿನ ಹೊಳ್ಳೆ ಅಲುಗಿಲ್ಲ. ಎದೆ ಏರಿಲ್ಲ, ಹೊಟ್ಟೆ ಹಿಗ್ಗಿಲ್ಲ. ಕಣ್ಣು ಮಾತ್ರ ಜನರ ಮೇಲೆ ಓಡಾಡುತ್ತಿತ್ತು.

"ಇದು ನಾನು ಕಲಿಸಿದ ಉಸಿರಲ್ಲ" ಎಂದೆ.

ಧೈರ್ಯ ಬಂದು ಹೇಳಿದ್ದಲ್ಲ. ಅಷ್ಟು ವಾರ ಕೂರಿಸಿ ಕಲಿಸಿದ್ದನ್ನು ಹೀಗೆ ಮಾಡಿ ಅದಕ್ಕೆ ನನ್ನ ಸಹಿ ಅಂಟಿಸಿದ್ದಾರಲ್ಲ ಎಂದು ಮೇಷ್ಟ್ರುಗಳಿಗೆ ಬರುವಂಥ ಸಿಡುಕು ಬಂತು. ಬಾಯಿಂದ ಬಿದ್ದುಹೋಯಿತು.

"ಅಂದ್ರೆ?" ಎಂದರು ಅಧಿಕಾರಿ.

"ಉಸಿರು ತಗೊಳ್ತಾನೇ ಇಲ್ಲ ಅವರು. ಬಿಗಿಹಿಡಿದು ಕಾಯ್ತಾ ಇದಾರೆ."

"ಯಾವುದಕ್ಕೆ?"

ಫ್ಯಾನು ಕೀಚುಗುಟ್ಟಿತು. ನೆರಳು ನನ್ನನ್ನೇ ನೋಡುತ್ತಿದ್ದ. ಮಗಳ ಮುಖ ಕಣ್ಣ ಮುಂದೆ ಬಂತು.

"ಜನ ಹೇಳ್ಲಿ ಅಂತ. ಅಭ್ಯಾಸದಲ್ಲಿ ಇಷ್ಟು ಹೊತ್ತು ಬೇಡ ಅಂದಿದ್ದೆ. ಉಸಿರಿಗಲ್ಲ ಅಂದ್ರು."

ಅಧಿಕಾರಿ ಬರೆದುಕೊಂಡರು. ಮತ್ತೆ ಓದಿ ಹೇಳಿದರು. ಸಹಿ ಹಾಕಿದೆ.

ಹೊರಗೆ ಮೊಗಸಾಲೆಯಲ್ಲಿ ಗುಡುಗು ಹತ್ತಿರ ಬಂದರು. ಸಿಟ್ಟೇ ಇರಲಿಲ್ಲ. "ರೋಗಿ ಕೋಣೆಯಲ್ಲಿ ಆಡಿದ ಮಾತು ಹೊರಗೆ ಆಡಬಾರದು ಅಂತಾರಲ್ಲ ಮೇಡಂ" ಎಂದರು, ಮೆತ್ತಗೆ. ಚೀಲ ಎತ್ತಿಕೊಂಡು ಹೊರಟೆ. ಅದರಲ್ಲೂ ಸುಳ್ಳಿಲ್ಲ.

ಮಾರ್ಚ್ 24, ಸೋಮವಾರ

ಫೋನು ಬರುತ್ತದೆ. ಎತ್ತಿದರೆ ಮಾತಿಲ್ಲ, ಉಸಿರು ಮಾತ್ರ. ಗಂಡಸು, ಬಾಯಲ್ಲಿ ಉಸಿರಾಡುವವನು. ಕೂತು ಕೇಳುತ್ತೇನೆ, ಇಟ್ಟುಬಿಡಲು ಭಯ. ರೋಗಿಗಳು ಒಬ್ಬೊಬ್ಬರೇ ಆಮೇಲೆ ಬರುತ್ತೇವೆ ಎನ್ನುತ್ತಿದ್ದಾರೆ. ಇವರು ಮಗಳನ್ನು ಕಾಲೇಜಿಗೆ ಬಿಟ್ಟು, ಸಾಯಂಕಾಲ ತಾವೇ ಹೋಗಿ ಕರೆತರುತ್ತಾರೆ. ನನಗೆ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 27, ಗುರುವಾರ

ಆದೇಶ ಬಂತು. ಗುಡುಗು ಹತ್ತು ದಿನ ಭಾಷಣ ಮಾಡುವಂತಿಲ್ಲ. ಮಗಳು ಕುಣಿದಳು. ಸಾಯಂಕಾಲ ಅವಳಿಗೇ ಇನ್ನೊಂದು ಸುದ್ದಿ: ಅಂಗಡಿ ಕಳೆದುಕೊಂಡವರ ಪರ ಕಾಲೇಜಿನವರು ಮಾಡಬೇಕಿದ್ದ ಸಭೆಗೂ ಅನುಮತಿ ಇಲ್ಲ. ಜನ ಸೇರಿ ಕೂಗಿದರೆ ಊರು ಕೆರಳುತ್ತದೆ ಎಂದು ಅದೇ ಆದೇಶ ತೋರಿಸಿದ್ದಾರೆ.

ಇವರು "ನಾನು ಹೇಳಿರ್ಲಿಲ್ವಾ" ಎಂದರು. ಗೆದ್ದವರ ಹಾಗೆ ಹೇಳಲಿಲ್ಲ. ಹೇಳಿ ಮಗಳ ಪಕ್ಕದಲ್ಲಿ ಕೂತು, ಅನುಮತಿಗೆ ಮೇಲಿನವರಿಗೆ ಅರ್ಜಿ ಬರೆಯಲು ಶುರು ಮಾಡಿದರು.

ಮಾರ್ಚ್ 30, ಭಾನುವಾರ

ಇವತ್ತು ಮೊದಲ ಸಲ ಕಿವಿಯಣ್ಣನ ಮನೆಗೆ ಹೋದೆ. ಇಷ್ಟು ವರ್ಷ ಯಾಕೆ ಹೋಗಿರಲಿಲ್ಲ ಎಂದು ದಾರಿಯಲ್ಲಿ ಯೋಚಿಸಿದೆ. ಅವರು ನಮ್ಮ ಮನೆಗೆ ಬರುತ್ತಿದ್ದರಲ್ಲ, ಅದಕ್ಕೇ ಇರಬೇಕು.

ಒಂದೇ ಕೋಣೆಯಲ್ಲಿ ಅಣ್ಣ, ಅತ್ತಿಗೆ, ಹಾಸಿಗೆಯಲ್ಲಿ ತಮ್ಮ. ತಮ್ಮನ ಕೈಗಳನ್ನು ಬಟ್ಟೆಯಲ್ಲಿ ಸುತ್ತಿ ದಿಂಬಿನ ಮೇಲಿಟ್ಟಿದ್ದರು. ಅತ್ತಿಗೆ ಅವನಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದರು.

"ಸಾಕ್ಷಿ ಹೇಳಿದ್ರಂತೆ" ಎಂದರು ಅಣ್ಣ.

"ಹೌದಣ್ಣ."

"ಒಳ್ಳೇದಾಯ್ತು."

ಇನ್ನೇನೋ ಹೇಳುತ್ತಾರೆಂದು ಕಾದೆ. ನಿಜ ಬರೆಯಬೇಕೆಂದರೆ, ಒಂದು ಒಳ್ಳೆಯ ಮಾತು ಕೇಳಲೆಂದೇ ಹೋಗಿದ್ದೆ. ಯಾವಾಗ ಕ್ಲಿನಿಕ್ಕಿಗೆ ಬರುತ್ತೀರಿ ಎಂದೆ.

"ಬರಲ್ಲ ಮೇಡಂ. ಇಲ್ಲೇ ಏನಾದ್ರೂ ಮಾಡ್ಕೊಳ್ತೀನಿ." ಅವರು ನೆಲ ನೋಡುತ್ತಿದ್ದರು. "ಅಂಗಡಿ ಸುಟ್ಟೋರ ಮುಖ ನಾನು ನೋಡಿಲ್ಲ. ಬೋರ್ಡು ಬಿಚ್ಚಿದೋರ ಮುಖ ನೋಡಿದೀನಿ. ದಿನಾ ಅದನ್ನೇ ನೋಡ್ಕೊಂಡು ಕೂತಿರೋಕಾಗಲ್ಲ."

ಒಳ್ಳೆಯದಕ್ಕೇ ಮಾಡಿದ್ದು ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಮನೆಗೆ ಬಂದು, ಬೋರ್ಡು ಬಿಚ್ಚಿದ ದಿನ ಬರೆದದ್ದನ್ನು ತೆಗೆದು ಓದಿದೆ. ಮನಸ್ಸು ಹಗುರಾಯಿತು ಎಂದು ನನ್ನ ಕೈಯಲ್ಲೇ ಬರೆದಿದ್ದೇನೆ.

ಅಲ್ಲಿಂದ ಹೊರಡುವಾಗ ಅಣ್ಣ ಕೇಳಿದ್ದು ಒಂದೇ: ಕಿವಿ ಪರೀಕ್ಷೆಯ ಮೆಷಿನ್ನು ಯಾರ ಕೈಯಲ್ಲಾದರೂ ಕಳಿಸಿಕೊಡಿ. ನಾನೇ ತರುತ್ತೇನೆ ಎಂದೆ. "ಬೇಡ. ಸೇತುವೆ ಮೇಲೆ ಗುಡುಗಿನ ಜನ ನಿಂತಿರ್ತಾರೆ. ಇವತ್ತು ಭಾನುವಾರ ಅಂತ ಇರ್ಲಿಲ್ಲ ಅಷ್ಟೇ" ಎಂದರು.

ಏಪ್ರಿಲ್ 1, ಮಂಗಳವಾರ

ಆಟೋದವನು ಸೇತುವೆಯ ಈ ಕಡೆಯೇ ಇಳಿಸಿದ. ದಾಟುವುದಿಲ್ಲ ಎಂದ. ಮೆಷಿನ್ನಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆದೆ. ಅರ್ಧ ದಾರಿಯಲ್ಲಿ ನಾಲ್ಕೈದು ಗಂಡಸರು ಸೇತುವೆಯ ಕಟಕಟೆಗೆ ಒರಗಿ ನಿಂತಿದ್ದರು. ಅದರಲ್ಲೊಬ್ಬನನ್ನು ಗುರುತಿಸಿದೆ. ಮೊದಲ ದಿನ ನನ್ನ ಕಿಟಕಿ ಮುಚ್ಚಿದವನು. ಅವನೂ ನನ್ನನ್ನು ಗುರುತಿಸಿದ.

"ಏನಮ್ಮಾ ಅದು?"

"ಕಿವಿ ಪರೀಕ್ಷೆ ಮಾಡೋ ಮೆಷಿನ್ನು."

"ಯಾರದ್ದು?"

ನನ್ನದೇ ಎನ್ನಬಹುದಿತ್ತು. ಆಸ್ಪತ್ರೆಯದು ಎನ್ನಬಹುದಿತ್ತು. ಎರಡನ್ನೂ ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದೆ.

"ನಮ್ಮಣ್ಣನದು. ಆಚೆ ದಂಡೆಯಲ್ಲಿದೆ ಮನೆ."

ಅವನು ಪೆಟ್ಟಿಗೆ ತೆರೆಸಿದ. ಹೆಡ್‌ಫೋನು ಎತ್ತಿ ನೋಡಿದ, ಒಳಗೆ ಒಗೆದ. ನನ್ನ ಬಗ್ಗೆ ಒಂದು ಮಾತು ಅಂದ. ಅದನ್ನು ಬರೆಯುವುದಿಲ್ಲ. ಉಳಿದವರು ನಕ್ಕರು. ದಾರಿ ಬಿಡಲಿಲ್ಲ, ತಡೆಯಲೂ ಇಲ್ಲ. ಕಟಕಟೆಗೂ ಅವರಿಗೂ ನಡುವೆ ಇದ್ದ ಸಂದಿಯಲ್ಲಿ ತೂರಿ ಹೋದೆ.

ಅಣ್ಣ ಬಾಗಿಲಲ್ಲೇ ಪೆಟ್ಟಿಗೆ ತೆಗೆದುಕೊಂಡರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಲಿಲ್ಲ. ಅತ್ತಿಗೆ ನೀರು ಕೊಟ್ಟರು. ಲೋಟ ಹಲ್ಲಿಗೆ ಬಡಿಯಿತು. ಬೋರ್ಡಿನ ವಿಷಯ ನಾನು ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಅದು ನೀರು ಕುಡಿದರೆ ಇಳಿಯುವಂಥದ್ದಲ್ಲ.

ಹೊರಟಾಗ ಸಂಜೆಯಾಗಿತ್ತು. ಅಣ್ಣ ಚಪ್ಪಲಿ ಮೆಟ್ಟಿಕೊಂಡರು. ಬೇಡ ಎಂದರೂ ಕೇಳದೆ ಸೇತುವೆಯ ಬುಡದವರೆಗೆ ಬಂದರು. ಗಂಡಸರು ಇನ್ನೂ ಅಲ್ಲೇ ಇದ್ದರು.

"ನೀವು ಹೋಗಿ ತಾಯಿ. ಆ ಕಡೆ ಮುಟ್ಟೋವರೆಗೆ ಇಲ್ಲೇ ನಿಂತಿರ್ತೀನಿ."

ಬೇಗ ಬೇಗ ನಡೆದೆ. ಈ ಸಲ ನನಗೆ ಯಾರೂ ಏನೂ ಅನ್ನಲಿಲ್ಲ. ಅವರ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದೆ ಒಂಟಿಯಾಗಿ ನಿಂತವರ ಮೇಲಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಇವರೂ ಮಗಳೂ ಬಂದು ಪಕ್ಕದಲ್ಲಿ ನಿಂತರು. ಮತ್ತೆ ಮಾಡಿದೆ. ಎತ್ತಿದರು.

"ಮುಟ್ಟಿದೆ ಅಣ್ಣ" ಎಂದೆ.

"ನಾನೂ" ಎಂದರು.